ನಾನು ಮಾಡಿದ್ದು ಬಾಂಬಲ್ಲ

ನಾಗಸಂದ್ರದಲ್ಲಿ ಮೆಟ್ರೋ ಇಳಿದು ಮೆಟ್ಟಿಲ ಕೊನೆಗೆ ಬಂದಿದ್ದೆ ಅಷ್ಟೆ, ಹಿಂದಿನಿಂದ ಯಾರೋ "ಬಾಂಬ್ ರಂಗಣ್ಣಾ!" ಎಂದು ಕೂಗಿದರು. ಅಕ್ಕಪಕ್ಕದವರೆಲ್ಲ ಬೆಚ್ಚಿ ತಿರುಗಿದರು. ಬ್ಯಾಗು ತಪಾಸಣೆ ಮಾಡುವ ಸೆಕ್ಯುರಿಟಿಯವನಂತೂ ಕುರ್ಚಿ ಬಿಟ್ಟು ಎದ್ದೇ ನಿಂತ. ನಾನೂ ತಿರುಗಿದೆ. ಆ ಹೆಸರಿಗೆ ತಿರುಗಬಾರದು ಎಂದು ಎಷ್ಟೋ ಸಲ ಮನಸ್ಸು ಮಾಡಿಕೊಂಡಿದ್ದೇನೆ, ಕುತ್ತಿಗೆ ಮಾತ್ರ ಕೇಳುವುದಿಲ್ಲ.

ಕೂಗಿದವನು ಸೆಲ್ವರಾಜ್. ಪೀಣ್ಯದಲ್ಲಿ ನಮ್ಮ ಶೆಡ್ಡಿನ ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಓಡಿಸುತ್ತಿದ್ದವನು. ತಲೆ ಪೂರ್ತಿ ಬೆಳ್ಳಗಾಗಿದೆ, ದನಿ ಮಾತ್ರ ಇನ್ನೂ ಪ್ರೆಸ್ಸಿನ ಸದ್ದಿನ ಮೇಲೆ ಕೂಗುವವನದೇ. ಜೊತೆಯಲ್ಲಿ ಅಳಿಯ ಇದ್ದ. ಇಬ್ಬರೂ ಸೇರಿ ನನ್ನನ್ನು ರಸ್ತೆ ಬದಿಯ ಟೀ ಅಂಗಡಿಗೆ ಎಳೆದುಕೊಂಡು ಹೋದರು. ಪಕ್ಕದ ಗ್ಯಾರೇಜಿನಲ್ಲಿ ಯಾರೋ ಬೈಕಿನ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಮೊದಲು ಹೆಸರು ಕಿವಿಗೆ ಬಿದ್ದಿತ್ತು, ಈಗ ಸೀಮೆಎಣ್ಣೆಯ ವಾಸನೆ ಮೂಗಿಗೂ ಬಡಿಯಿತು. ಇನ್ನು ಆ ನೆನಪಿನಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತೆಂಟನೇ ಇಸವಿ. ಪೀಣ್ಯ ಎರಡನೇ ಹಂತದ ಒಂದು ಸಣ್ಣ ಶೆಡ್ಡಿನಲ್ಲಿ ನಾನು ಲೇತು ಓಡಿಸುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ನಾನೇ ಹೇಳಿಕೊಳ್ಳಲು ಸಂಕೋಚವಿಲ್ಲ, ಬೇರೆಯವರು ಹೇಳಿದರೆ ಮಾತ್ರ ಆಗುತ್ತಿರಲಿಲ್ಲ. ಐಟಿಐ ಮುಗಿಸಿ ಬಂದ ಹುಡುಗರು ನನ್ನನ್ನು 'ಓದಿಲ್ಲದ ರಂಗ' ಅಂದ ದಿನ ಅವರ ಎದುರಿಗೇ ಡ್ರಾಯಿಂಗ್ ಓದಿ, ಜಾಬನ್ನು ಲೇತಿಗೆ ಕಟ್ಟಿ, ಮಧ್ಯಾಹ್ನದೊಳಗೆ ಕಡೆದು ಇಳಿಸಿ ತೋರಿಸಿದವನು ನಾನು. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಶೈಲಜಾ ಮೇಡಂ ಮೊಪೆಡ್ಡಿನಲ್ಲಿ ನಮ್ಮ ಶೆಡ್ಡಿಗೆ ಬಂದರು. ಊರೊಳಗಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ನಲವತ್ತರ ಮೇಲಿನ ವಯಸ್ಸು, ಸೀರೆಯ ಮೇಲೆ ಸ್ವೆಟರು, ಕಂಕುಳಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್. ದೊಡ್ಡ ಕಂಪನಿಗಳೆಲ್ಲ ಒಂದೇ ಒಂದು ಪೀಸಿಗೆ ಯಾರು ಕೂರುತ್ತಾರೆ ಎಂದು ವಾಪಸ್ ಕಳಿಸಿದ್ದವಂತೆ. ನಮ್ಮ ಓನರ್ ಬಸವರಾಜಪ್ಪನವರು ದಾವಣಗೆರೆ ಕಡೆಯವರು, ಹಣೆ ತುಂಬ ವಿಭೂತಿ, ಬಂದ ಕೆಲಸಕ್ಕೆ ಇಲ್ಲ ಅನ್ನದ ಮನುಷ್ಯ. "ಆತ್ರಿ ಮೇಡಂ, ಮಾಡ್ತೀವ್ರಿ. ಲೇ ರಂಗಾ, ಬಾ ಇಲ್ಲಿ" ಎಂದು ನನ್ನನ್ನು ಕರೆದರು.

ಅಲ್ಯುಮಿನಿಯಂ ಪಾತ್ರೆ. ನೀರಿನ ಕೊಡದಷ್ಟು ಅಗಲ, ಗೋಡೆ ಎರಡೇ ಮಿಲಿಮೀಟರು. ಒಳಗಿನ ಗಾಳಿಯನ್ನು ಪೂರ್ತಿ ಹೀರಿ ತೆಗೆಯುತ್ತಾರೆ, ಆಗ ಹೊರಗಿನ ಗಾಳಿ ಅದುಮಿದರೂ ಪಾತ್ರೆ ತಡೆಯಬೇಕು. ನಾನು ಕೇಳಿದೆ, "ಇಷ್ಟು ತೆಳು ಯಾಕೆ ಮೇಡಂ? ಸ್ವಲ್ಪ ದಪ್ಪ ಇಟ್ರೆ ನಿಮ್ಗೂ ಭಯ ಇಲ್ಲ, ನಮ್ಗೂ ಭಯ ಇಲ್ಲ."

ಬೇರೆ ಇಂಜಿನಿಯರುಗಳಾಗಿದ್ದರೆ ಡ್ರಾಯಿಂಗ್‌ನಲ್ಲಿ ಇದ್ದ ಹಾಗೆ ಮಾಡು ಅನ್ನುತ್ತಿದ್ದರು. ಮೇಡಂ ಹಾಗನ್ನಲಿಲ್ಲ. "ರಂಗಸ್ವಾಮಿ ಅವರೇ, ಟೀ ಕುಡೀತಾ ಹೇಳ್ತೀನಿ, ಬನ್ನಿ" ಅಂದರು. ನನ್ನ ಹೆಸರಿನ ಮುಂದೆ 'ಅವರೇ' ಸೇರಿಸಿ ಕರೆದವರು ಅದುವರೆಗೆ ಯಾರೂ ಇರಲಿಲ್ಲ.

ಗೇಟಿನ ಮುಂದಿನ ಟೀ ಅಂಗಡಿಯಲ್ಲಿ ಅಗಲವಾದ ಪಾತ್ರೆಯಲ್ಲಿ ಹಾಲು ಕಾದು ಕೆನೆ ಕಟ್ಟಿತ್ತು. ಮೇಡಂ ಟೀಯವನಿಂದ ಬಟ್ಟೆ ಇಸಿದುಕೊಂಡು ಪಾತ್ರೆಯ ಅಂಚು ಹಿಡಿದು ಮೆಲ್ಲಗೆ ಒಂದು ಸಲ ಜಗ್ಗಿದರು. ಹಾಲು ಒಂದು ಕಡೆ ಸರಿಯಿತು, ಕೆನೆ ಹಿಂದೆಯೇ ಉಳಿಯಿತು, ಆಮೇಲೆ ಎರಡೂ ತೂಗಾಡುತ್ತ ಒಂದನ್ನೊಂದು ದಾಟಿದವು.

"ಅಣುವಿನ ಮಧ್ಯ ಒಂದು ಬೀಜ ಇರುತ್ತೆ" ಅಂದರು. "ಅದರೊಳಗೆ ಎರಡು ಜಾತಿ ಕಣ, ಪ್ರೋಟಾನು, ನ್ಯೂಟ್ರಾನು. ಕೆಲವು ಬೀಜಗಳಲ್ಲಿ ನ್ಯೂಟ್ರಾನು ಜಾಸ್ತಿಯಾಗಿ ಹೊರಗಡೆ ಕೆನೆ ಥರ ಕಟ್ಕೊಳುತ್ತೆ ಅಂತ ನಮ್ಮ ಅನುಮಾನ. ಅಂಥವು ಬಾಳಲ್ಲ. ಹುಟ್ಟಿದ ಚೂರು ಹೊತ್ತಿಗೆ ಬೇರೆ ಏನೋ ಆಗಿಬಿಡ್ತವೆ. ಹಿಡಿದು ಕೂರಿಸಿ ನೋಡೋಕಾಗಲ್ಲ. ಹಾರ್ತಾ ಇರುವಾಗಲೇ ನಿಮ್ಮ ಪಾತ್ರೆಯೊಳಗೆ ಒಂದು ಸೀಸದ ಹಾಳೆ ಪಕ್ಕ ಹಾಯಿಸ್ತೀವಿ. ಅದು ಒಂದು ಸಲ ಜಗ್ಗುತ್ತೆ, ಬೀಜ ನಡುಗುತ್ತೆ. ನಡುಗಿ ಸುಮ್ಮನಾಗುವಾಗ ಕಣ್ಣಿಗೆ ಕಾಣದ ಒಂದು ಬೆಳಕು ಬಿಡುತ್ತೆ. ಗೋಡೆ ದಪ್ಪ ಇದ್ರೆ ಆ ಬೆಳಕು ಹೊರಗೆ ಬರೋ ಮುಂಚೆ ಸೊರಗಿಹೋಗುತ್ತೆ. ಅದಕ್ಕೇ ತೆಳು."

ನಾನು ಸ್ವಲ್ಪ ಹೊತ್ತು ಹಾಲನ್ನೇ ನೋಡಿದೆ. "ಒಂದೊಂದು ಕಣ ತನ್ನ ಪಾಡಿಗೆ ನಡುಗೋದಾ ಮೇಡಂ, ಇಲ್ಲ ಎಲ್ಲಾ ಸೇರಿನಾ? ಈಗ ಪಕ್ಕದಲ್ಲಿ ಸೆಲ್ವನ ಪ್ರೆಸ್ ಹೊಡೆದ್ರೆ ನಮ್ಮ ಶೆಡ್ಡು, ಶೀಟು, ಡ್ರಮ್ಮಿನ ನೀರು ಎಲ್ಲಾ ಒಟ್ಟಿಗೆ ಅದುರುತ್ತಲ್ಲ, ಹಾಗಾ?"

ಮೇಡಂ ಲೋಟ ಕೆಳಗಿಟ್ಟರು. "ಅದೇ! ಎಲ್ಲಾ ಸೇರಿ. ಅದನ್ನೇ ಅಳೆಯೋದು. ನಿಮಗೆ ಅರ್ಥ ಆಗಿದೆ ರಂಗಸ್ವಾಮಿ ಅವರೇ."

ಟೀಯವನು ಬಾಯಿ ಹಾಕಿದ. "ಇದ್ರಿಂದ ಏನ್ ಉಪ್ಯೋಗ ಮೇಡಂ?"

"ಇವತ್ತಿಗೆ ಏನೂ ಇಲ್ಲಪ್ಪ" ಎಂದು ನಕ್ಕರು. "ಚಿನ್ನ, ಸೀಸ ಎಲ್ಲ ಆಕಾಶದಲ್ಲಿ ಹೇಗೆ ಹುಟ್ಟಿತು ಅಂತ ಒಂಚೂರು ಗೊತ್ತಾಗಬಹುದು."

ಆ ರಾತ್ರಿ ಮನೆಯಲ್ಲಿ ನನ್ನ ಹೆಂಡತಿ ಲಲಿತಳಿಗೆ ಹಾಲಿನ ಪಾತ್ರೆ ಜಗ್ಗಿಯೇ ತೋರಿಸಿದೆ. ಒಲೆಯ ಮೇಲೆಲ್ಲ ಚೆಲ್ಲಿ ಬೈಸಿಕೊಂಡೆ. ಆದರೂ ಅವಳಿಗೆ ಅರ್ಥವಾಯಿತು. "ಕೆನೆಗೂ ಹಾಲಿಗೂ ಜಗಳ ಅನ್ನಿ" ಅಂದಳು. ಬೆಳಗ್ಗೆ ನಮ್ಮ ಮನೆಯ ಯಜಮಾನರು, ನಾಗಸಂದ್ರದ ಹಳೇ ಊರಿನ ಮುನೇಗೌಡರು, ನಲ್ಲಿಯ ಹತ್ತಿರ ಸಿಕ್ಕಿದರು. ಅವರಿಗೂ ಎದೆ ಉಬ್ಬಿಸಿ ಹೇಳಿದೆ, "ಅಣುವಿನ ಕೆಲ್ಸ ಮಾಡ್ತಿದೀನಿ ಗೌಡ್ರೇ." ಹೇಳಿದ್ದು ಅಷ್ಟೇ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕೆಲಸ ಮಾತ್ರ ನನ್ನನ್ನು ಅರೆದುಹಾಕಿತು. ಗೋಡೆ ತೆಳುವಾಗುತ್ತ ಬಂದ ಹಾಗೆ ಪಾತ್ರೆ ಲೇತಿನ ಮೇಲೆ ಕಿರ್ರೋ ಎಂದು ಅರಚತೊಡಗುತ್ತಿತ್ತು. ಟೂಲು ತಾಗಿದ ಕಡೆಯೆಲ್ಲ ನಡುಕದ ಗೆರೆ. ಅಲ್ಯುಮಿನಿಯಂ ಟೂಲಿಗೆ ಅಂಟದಿರಲೆಂದು ಸೀಮೆಎಣ್ಣೆ ಹನಿಸಿ ಹನಿಸಿ ಮೈಯೆಲ್ಲ ವಾಸನೆ, ಲಲಿತ ಮಗುವನ್ನು ಎತ್ತಿಕೊಳ್ಳಲು ಬಿಡುತ್ತಿರಲಿಲ್ಲ. ಮೊದಲನೇ ಪಾತ್ರೆ ಕೊನೆಯಲ್ಲಿ ಹರಿದುಹೋಯಿತು. ಬಸವರಾಜಪ್ಪನವರು ಅದನ್ನು ಕೈಯಲ್ಲಿ ಹಿಡಿದು ಮಗುವಿನ ಹೆಣ ನೋಡಿದ ಹಾಗೆ ನೋಡಿದರು. ಎರಡನೆಯದಕ್ಕೆ ಹೊರಗಡೆ ಸೈಕಲ್ ಟ್ಯೂಬು ಬಿಗಿಯಾಗಿ ಸುತ್ತಿ ಒಳಗೆ ಕಡೆದೆ, ಹೊರಗಿನ ಮೈ ಕಡೆಯುವಾಗ ಒಳಗೆ ಮೇಣ ತುಂಬಿದೆ. ಪೀಣ್ಯದಲ್ಲಿ ತೆಳು ಜಾಬ್ ಮಾಡುವವರೆಲ್ಲ ಹಾಗೇ ಮಾಡುತ್ತಾರೆ. ಕೊನೆಯ ಕಟ್ಟಿನ ದಿನ, ಅಂದರೆ ಕೊನೆಯ ಪದರ ಕಡೆಯುವ ದಿನ, ಸೆಲ್ವರಾಜನ ಹತ್ತಿರ ಹೋಗಿ ಕೈ ಮುಗಿದೆ. "ಮಚ್ಚಾ, ಅರ್ಧ ಗಂಟೆ ಪ್ರೆಸ್ ನಿಲ್ಸೋ."

"ನಿಲ್ಸಿದ್ರೆ ನನ್ ಸೂಪರ್‌ವೈಸರ್ ನನ್ನೇ ಪ್ರೆಸ್ ಮಾಡ್ತಾನೆ ಗುರು" ಅಂದ. ಆದರೂ ಊಟದ ಬೆಲ್ಲಿಗೆ ಮುಂಚೆಯೇ ನಿಲ್ಲಿಸಿದ.

ಟ್ಯೂಬು ಸುತ್ತಿದ ಪಾತ್ರೆಯ ಕಥೆ ಕೇಳಿ ಮೇಡಂ ಬಹಳ ನಕ್ಕರು. "ನೋಡಿ, ನೀವು ನಡುಕ ನಿಲ್ಲಿಸೋರು, ನಾನು ನಡುಕ ಹುಡುಕೋಳು." ಆ ಬೀಜಗಳನ್ನು ಹುಟ್ಟಿಸಿ ಹಾರಿಸುವ ಯಂತ್ರ ಆಗ ನಮ್ಮಲ್ಲಿ ಇರಲಿಲ್ಲ. ಹೊರದೇಶದ ಒಂದು ಪ್ರಯೋಗಾಲಯದಲ್ಲಿತ್ತು. ಅಲ್ಲಿ ಸರದಿ ಕಾದು ಕಾದು ವರ್ಷಗಳೇ ಆದ ಮೇಲೆ ಆ ಮಳೆಗಾಲದಲ್ಲಿ ಒಂದು ವಾರ ಮೇಡಂಗೆ ಸಿಕ್ಕಿತ್ತು. ಪಾತ್ರೆಯನ್ನು ತಾವೇ ಮಡಿಲಲ್ಲಿ ಇಟ್ಟುಕೊಂಡು ವಿಮಾನದಲ್ಲಿ ಹೋಗುತ್ತೇನೆ ಅನ್ನುತ್ತಿದ್ದರು.

ಆಗ ಮೇ ತಿಂಗಳಲ್ಲಿ ರಾಜಸ್ಥಾನದ ಮರಳುಗಾಡಿನಲ್ಲಿ ಅಣುಬಾಂಬಿನ ಪರೀಕ್ಷೆಯಾಯಿತು.

ಸಂಜೆ ಟೀವಿಯಲ್ಲಿ ಸುದ್ದಿ ಬಂತು. ಮುನೇಗೌಡರು ಲುಂಗಿ ಎತ್ತಿ ಕಟ್ಟಿಕೊಂಡು ನಮ್ಮ ಬಾಗಿಲಿಗೇ ಬಂದರು. "ಏನ್ಲಾ ರಂಗ! ನೀನು ಮಾಡ್ದ ಅಣು ಪಾತ್ರೆನೇ ಅಲ್ವೇನ್ಲಾ ಅಲ್ಲಿ ಡಮಾರ್ ಅಂದಿದ್ದು?"

"ಅಯ್ಯೋ, ಅಲ್ಲ ಗೌಡ್ರೇ. ಅದು ಬೇರೆ, ಇದು ಬೇರೆ. ನಮ್ ಪಾತ್ರೆ ಇನ್ನೂ ಶೆಡ್ಡಲ್ಲೇ ಇದೆ."

ಗೌಡರು ಕಣ್ಣು ಹೊಡೆದರು. "ಅಂಗೇ ಏಳ್ಬೇಕು ಕಣ್ಲಾ. ಸೀಕ್ರೆಟ್ ಅಂದ್ರೆ ಇಂಗಿರ್ಬೇಕು. ಎಂಡ್ತಿಗೂ ಏಳ್ಬ್ಯಾಡ."

ನಾನು ಅಲ್ಲ ಅಂದಷ್ಟೂ ಅವರಿಗೆ ಹೌದು ಅನ್ನಿಸುತ್ತಿತ್ತು. ಮಾರನೆಯ ಬೆಳಗ್ಗೆ ಕ್ಷೌರದ ಅಂಗಡಿಯವನು ನನ್ನನ್ನು ಸರದಿ ಮುರಿದು ಮೊದಲೇ ಕೂರಿಸಿದ. ಬಸ್ಸಿನಲ್ಲಿ ಒಬ್ಬರು ಎದ್ದು ಸೀಟು ಬಿಟ್ಟರು. ಮೊದಲೆರಡು ದಿನ 'ಅಲ್ಲ' ಅಂದೆ. ಮೂರನೆಯ ದಿನ ಸುಮ್ಮನೆ ನಕ್ಕೆ. ನಿಜ ಹೇಳುತ್ತೇನೆ, ಸುಖವಾಗಿತ್ತು. ಏಳನೇ ಕ್ಲಾಸಿನವನನ್ನು ನೋಡಿ ಡಿಗ್ರಿ ಓದಿದವರು ದಾರಿ ಬಿಡುತ್ತಿದ್ದರು.

ನಮ್ಮ ಬೀದಿಯ ಶೆಡ್ಡುಗಳ ಓನರುಗಳೆಲ್ಲ ಸೇರಿ ಸನ್ಮಾನ ಇಟ್ಟುಕೊಂಡರು. ಬಸವರಾಜಪ್ಪನವರಿಗೂ ಗೊತ್ತಿತ್ತು ಇದು ಬಾಂಬಿನ ಕೆಲಸವಲ್ಲ ಎಂದು. "ಇರ್ಲಿ ಬಿಡೋ, ಜನ ಖುಷಿ ಪಡ್ತಾರ. ನಮ್ಮ ಶೆಡ್ಡಿನ ಹೆಸ್ರು ನಾಕ್ ಮಂದಿಗೆ ಗೊತ್ತಾಗ್ತದ" ಅಂದರು. ಗೇಟಿನ ಮುಂದೆ ಶಾಮಿಯಾನ, ಎರಡು ಲೋಡು ಮರದ ಪೆಟ್ಟಿಗೆ ಜೋಡಿಸಿದ ವೇದಿಕೆ, ಮೈಕ್‌ಸೆಟ್ಟು. ಬ್ಯಾನರಿನ ಮೇಲೆ ನನ್ನ ಹೆಸರು, ಪಕ್ಕದಲ್ಲಿ ಪೇಂಟರು ತನ್ನ ಕಲ್ಪನೆಯಲ್ಲಿ ಬಿಡಿಸಿದ ಬಾಂಬು. ಅದಕ್ಕೆ ದೀಪಾವಳಿ ಪಟಾಕಿಯ ಹಾಗೆ ಬತ್ತಿಯೂ ಇತ್ತು. ಲಲಿತ ಮದುವೆಯ ಸೀರೆ ಉಟ್ಟು ಮಗುವನ್ನು ಎತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಮುನೇಗೌಡರು.

ನನಗೆ ಗಂಧದ ಹಾರ ಹಾಕಿ, ಪೇಟ ಇಟ್ಟು, ಶಾಲು ಹೊದಿಸುತ್ತಿದ್ದಾಗ ಆಟೋ ಬಂದು ನಿಂತಿತು. ಶೈಲಜಾ ಮೇಡಂ ಇಳಿದರು.

ಪಾತ್ರೆ ತೆಗೆದುಕೊಂಡು ಹೋಗಲು ಬಂದಿದ್ದಾರೆ ಅಂದುಕೊಂಡೆ. ಅವರು ಬ್ಯಾನರನ್ನು ಓದಿದರು. ಪೇಟ ಹೊತ್ತ ನನ್ನನ್ನು ನೋಡಿದರು. ಅಷ್ಟರಲ್ಲಿ ಬಸವರಾಜಪ್ಪನವರು, "ಬರ್ರಿ ಬರ್ರಿ, ವಿಜ್ಞಾನಿ ಮೇಡಂನವ್ರೇ ಬಂದಾರ!" ಎಂದು ಮೈಕಿನಲ್ಲಿ ಕೂಗಿ, ಕೈ ಹಿಡಿದು ಹತ್ತಿಸಿ, ಅವರ ಕೊರಳಿಗೂ ಒಂದು ಹಾರ ಹಾಕಿಸಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಎರಡು ಮಾತು, ಎರಡು ಮಾತು ಎಂದು ಮೈಕನ್ನು ಅವರ ಕೈಗೆ ಕೊಟ್ಟರು.

ಮೇಡಂ ದನಿ ಏರಿಸಲಿಲ್ಲ. "ನಾನು ಬಾಂಬ್ ಮಾಡೋಳಲ್ಲ" ಅಂದರು. "ಈ ಪಾತ್ರೆಗೂ ಬಾಂಬಿಗೂ ಏನೂ ಸಂಬಂಧ ಇಲ್ಲ."

ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮುನೇಗೌಡರು ಪಕ್ಕದವರ ತೊಡೆ ತಟ್ಟಿ, "ನೋಡ್ದಾ? ದೊಡ್ಡೋರು ಯಂಗೆ ಗುಟ್ಟು ಮಡಗ್ತಾರೆ!" ಅಂದದ್ದು ವೇದಿಕೆಗೇ ಕೇಳಿಸಿತು.

ಮೇಡಂ ಬ್ಯಾನರಿನ ಬಾಂಬಿನ ಕಡೆ ಇನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದಾಗ ಅವರ ಮುಖ ಹಗುರಾಯಿತು. "ನನ್ನ ಮಾತು ನಂಬಬೇಡಿ. ಇದನ್ನ ಮಾಡಿದವರು ರಂಗಸ್ವಾಮಿಯವರು. ಇದು ಯಾತಕ್ಕೆ ಅಂತ ಅವರಿಗೆ ನನ್ನಷ್ಟೇ ಗೊತ್ತು. ಅವರು ನಿಮ್ಮವರು. ಅವರ ಬಾಯಿಂದಲೇ ಕೇಳಿ."

ಮೈಕು ನನ್ನ ಕೈಗೆ ಬಂತು.

ನನಗೆ ಮಾತು ಗೊತ್ತಿತ್ತು. ಹಾಲು, ಕೆನೆ, ಸೆಲ್ವನ ಪ್ರೆಸ್ಸು, ಅದುರುವ ಶೆಡ್ಡು. ಆ ಜನಕ್ಕೆ ನಾನು ಹೇಳಿದ್ದರೆ ಅರ್ಥವಾಗುತ್ತಿತ್ತು. ನನ್ನನ್ನು ನಂಬುತ್ತಲೂ ಇದ್ದರು, ಹಾರ ಹಾಕಿಸಿಕೊಂಡವನೇ ಹಾರಕ್ಕೆ ಅರ್ಹನಲ್ಲ ಅಂದರೆ ಯಾರು ನಂಬುವುದಿಲ್ಲ? ಆದರೆ ಹೇಳಿದ ಕೂಡಲೇ ಆ ಪೇಟ ಬರೀ ಬಟ್ಟೆಯಾಗುತ್ತಿತ್ತು. ಬಸವರಾಜಪ್ಪನವರು ನನ್ನನ್ನೇ ನೋಡುತ್ತಿದ್ದರು. ಐಟಿಐ ಹುಡುಗರು ಮೊದಲ ಸಲ ನನ್ನ ಕಡೆ ತಲೆ ಎತ್ತಿ ನೋಡುತ್ತಿದ್ದರು. ಬಾಯಿಗೆ ಹತ್ತಿರ ಹಿಡಿದಾಗ ಮೈಕು ಕುಂಯ್ ಎಂದಿತು.

"ನಾನು ಏಳನೇ ಕ್ಲಾಸು ಓದಿದೋನು" ಅಂದೆ. "ನಂಗೇನೂ ಗೊತ್ತಿಲ್ಲ. ಡ್ರಾಯಿಂಗ್ ಕೊಟ್ರು, ಮಾಡ್ಕೊಟ್ಟೆ. ಎಲ್ರಿಗೂ ನಮಸ್ಕಾರ."

ಶಿಳ್ಳೆ, ಚಪ್ಪಾಳೆ. ಎಂಥ ವಿನಯ ಎಂದು ಯಾರೋ ಅಂದರು. ಯಾವ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಕಾಲರ್ ಹಿಡಿಯುತ್ತಿದ್ದೆನೋ ಅದನ್ನು ನಾನೇ ಮೈಕಿನಲ್ಲಿ ಹೇಳಿ ಅದರ ಹಿಂದೆ ಅಡಗಿಕೊಂಡಿದ್ದೆ. ಮೇಡಂ ಕಡೆ ನೋಡಲಿಲ್ಲ, ನೋಡಲು ಆಗಲಿಲ್ಲ.

ಬೂಂದಿ ಹಂಚುವಾಗ ಅವರು ಒಬ್ಬರೇ ಶೆಡ್ಡಿನೊಳಗೆ ಹೋದರು. ನಾನು ಹಿಂದೆಯೇ ಹೋದೆ. ಹಾರ ತೆಗೆದು ಲೇತಿನ ಹ್ಯಾಂಡಲಿಗೆ ತೂಗುಹಾಕಿದ್ದರು. ಪಾತ್ರೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಅದು ಸಣ್ಣಗೆ, ಉದ್ದವಾಗಿ ಉಲಿಯಿತು.

"ತುಂಬ ಚೆನ್ನಾಗಿ ಬಂದಿದೆ" ಅಂದರು. ಆಮೇಲೆ ಅದೇ ದನಿಯಲ್ಲಿ, "ಬೆಳಗ್ಗೆ ಸುದ್ದಿ ಬಂತು. ಆ ಪ್ರಯೋಗಾಲಯದವರು ನಮ್ಮನ್ನ ಬರಬೇಡಿ ಅಂದಿದ್ದಾರೆ. ವೀಸಾ ಕೊಡಲ್ವಂತೆ, ಬಾಂಬ್ ಮಾಡೋ ದೇಶದೋರು ಅಂತ. ನಮ್ಮ ಸರದಿ ಬೇರೆಯವರಿಗೆ ಹೋಯ್ತು. ಇದನ್ನ ನಿಮಗೆ ಎದುರಿಗೇ ಹೇಳೋಣ ಅಂತ ಬಂದೆ. ಮಾಡಿದವರು ನೀವಲ್ವಾ."

"ನೀವು ಬಾಂಬ್ ಮಾಡಿಲ್ವಲ್ಲ ಮೇಡಂ!" ಬಾಯಿಂದ ಬಂದೇಬಿಟ್ಟಿತು.

ಅವರು ನನ್ನ ಪೇಟದ ಕಡೆ ನೋಡಿದರು. "ಹೌದು. ಅದನ್ನ ಹೇಳೋಕೆ ಅಲ್ಲಿ ನಮ್ಮ ಪರ ಯಾರೂ ಇಲ್ಲ. ಇಲ್ಲೂ..." ಅಂದವರು ಪಾತ್ರೆಯ ಕಡೆ ತಿರುಗಿದರು. ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ.

ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ಇಟ್ಟುಕೊಟ್ಟೆ. ಮಡಿಲಲ್ಲೇ ಇಟ್ಟುಕೊಂಡರು. "ಇನ್ನೊಂದು ಅವಕಾಶ ಸಿಕ್ಕರೆ ಹೇಳಿ ಕಳಿಸ್ತೀನಿ ರಂಗಸ್ವಾಮಿ" ಅಂದರು. 'ಅವರೇ' ಬಿಟ್ಟುಹೋಗಿತ್ತು. ಬೇಕೆಂದೇ ಬಿಟ್ಟರೋ, ದಣಿವಿಗೆ ಬಿಟ್ಟರೋ, ಇವತ್ತಿಗೂ ನನಗೆ ತಿಳಿಯದು. ಮತ್ತೆ ಅವರು ಪೀಣ್ಯಕ್ಕೆ ಬರಲಿಲ್ಲ. ಮಳೆಗಾಲ ಬಂತು, ಬ್ಯಾನರಿನ ಬಣ್ಣ ಇಳಿಯಿತು. ಆ ಪಾತ್ರೆಯೊಳಗೆ ಯಾವ ಬೀಜವಾದರೂ ನಡುಗಿತೋ ಇಲ್ಲವೋ, ಅದು ಎಲ್ಲಾದರೂ ಮೂಲೆಯಲ್ಲಿ ಧೂಳು ಹಿಡಿಯಿತೋ, ಒಂದೂ ಗೊತ್ತಾಗಲಿಲ್ಲ. ಹೋಗಿ ಕೇಳಬಹುದಿತ್ತು. ಒಂದೇ ಬಸ್ಸಿನ ದಾರಿ. ಯಾವ ಮುಖ ಹೊತ್ತು ಹೋಗಲಿ?

ಸನ್ಮಾನದ ದಿನ ಮನೆಗೆ ಬಂದ ಮೇಲೆ ಲಲಿತ ಪೇಟವನ್ನು ಮಡಿಸಿಡುತ್ತ ಕೇಳಿದಳು, "ನಾನು ಬರೀ ನಾಲ್ಕನೇ ಕ್ಲಾಸು. ನಂಗೇ ಅರ್ಥ ಆಗೋ ಹಾಗೆ ಹೇಳಿದ್ರಿ. ಅಲ್ಲಿ ಯಾಕ್ರೀ ಗೊತ್ತಿಲ್ಲ ಅಂದ್ರಿ?"

ನಾನು ಸ್ನಾನಕ್ಕೆ ಹೋದೆ. ಸೀಮೆಎಣ್ಣೆಯ ವಾಸನೆ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಟೀ ಅಂಗಡಿಯಲ್ಲಿ ಸೆಲ್ವರಾಜ್ ಅಳಿಯನ ಬೆನ್ನಿಗೆ ಗುದ್ದಿ ಹೇಳುತ್ತಿದ್ದ. "ಮಾಪ್ಳೆ, ನಾನು ಹೇಳ್ತಿದ್ನಲ್ಲ, ಇವ್ರೇ. ದೇಶದ ಬಾಂಬ್ ಮಾಡ್ದೋರು. ಲಾಸ್ಟ್ ಕಟ್ಟಿಗೆ ಪ್ರೆಸ್ ನಿಲ್ಸಿದ್ದು ನಾನು. ಅಂದ್ರೆ ನಂದೂ ಒಂದು ಪಾಲಿದೆ ಅದ್ರಲ್ಲಿ."

"ಅದು ಬಾಂಬಲ್ಲ ಸೆಲ್ವ" ಅಂದೆ. ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಬೀಜ, ಅದರ ಹೊರಗಿನ ಕೆನೆ, ಸೀಸದ ಹಾಳೆ, ಒಟ್ಟಿಗೆ ನಡುಗುವುದು, ಕಾಣದ ಬೆಳಕು, ತೆಳು ಗೋಡೆ. ಮೇಡಂ ಹೆಸರನ್ನೂ ಹೇಳಿದೆ. ಅವತ್ತು ಮೈಕಿನಲ್ಲಿ ಹೇಳಬೇಕಾಗಿದ್ದ ಒಂದು ಮಾತನ್ನೂ ಬಿಡಲಿಲ್ಲ. ಹೇಳಿ ಮುಗಿಸುವಾಗ ಟೀ ಆರಿಹೋಗಿತ್ತು. ಅಳಿಯ ಕಣ್ಣು ಮಿಟುಕಿಸದೆ ಕೇಳಿದ.

ಸೆಲ್ವರಾಜ್ ಹೆಮ್ಮೆಯಿಂದ ತಲೆ ಆಡಿಸಿದ. "ನೋಡ್ದಾ ಮಾಪ್ಳೆ? ಇಷ್ಟು ವರ್ಷ ಆಯ್ತು, ಇವತ್ತಿಗೂ ಬಾಯಿ ಬಿಡಲ್ಲ. ಅಂಥ ಕೆಲ್ಸ ಇಂಥೋರಿಗೇ ಕೊಡೋದು."

ಅಳಿಯ ಎದ್ದ. ನಾನು ಬೇಡ ಅನ್ನುವಷ್ಟರಲ್ಲಿ, ಅಷ್ಟು ಜನರ ಎದುರು ರಸ್ತೆಯ ಧೂಳಿನಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದ. ಅಲ್ಲಪ್ಪಾ, ಅಲ್ಲ, ನಾನು ಮಾಡಿದ್ದು ಬಾಂಬಲ್ಲ ಎಂದು ಹೇಳುತ್ತಲೇ ಇದ್ದೆ. ಈಗ ಕೈಯಲ್ಲಿ ಮೈಕೂ ಇರಲಿಲ್ಲ, ಪಕ್ಕದಲ್ಲಿ ಮೇಡಂ ಕೂಡ ಇರಲಿಲ್ಲ.